ತೂಬು ಕಾಯುವವನು ಯಾರ ಆಳು?

ಹಟ್ಟಿಗೆ ಬೆಂಕಿ ಬಿದ್ದಾಗ ಸುಡುವುದು ದಲಿತನ ಗುಡಿಸಲು, ಬೀಳುವುದು ದಲಿತನ ಹೆಣ. ಆದರೆ ಕೇಸು ಕೋರ್ಟಿಗೆ ಬಂದಾಗ ಫೈಲಿನ ಮೇಲೆ ಅವನ ಹೆಸರಿರುವುದಿಲ್ಲ. 'ಕರ್ನಾಟಕ ರಾಜ್ಯ ವಿರುದ್ಧ ಇಂಥವರು' ಎಂದಿರುತ್ತದೆ. ಮನೆ ಕಳಕೊಂಡವನು ಅಲ್ಲಿ ಫಿರ್ಯಾದಿ, ಇಲ್ಲವೇ ಒಂದನೇ ಸಾಕ್ಷಿ, ಎರಡನೇ ಸಾಕ್ಷಿ. ಕೂಗಿದಾಗ ಹೋಗಿ ಕಟಕಟೆ ಹತ್ತಬೇಕು, ಕೇಳಿದ್ದಕ್ಕೆ ಉತ್ತರ ಕೊಟ್ಟು ಇಳಿಯಬೇಕು. ಅವನ ಪರವಾಗಿ ಮಾತಾಡುವವನು ಸರ್ಕಾರಿ ವಕೀಲ. ಆ ವಕೀಲನನ್ನು ಇವನು ಆರಿಸಿಲ್ಲ, ಫೀಸು ಕೊಟ್ಟಿಲ್ಲ, ಎಷ್ಟೋ ಸಲ ವಿಚಾರಣೆಯ ದಿನದವರೆಗೂ ಅವನ ಮುಖವನ್ನೇ ನೋಡಿರುವುದಿಲ್ಲ. ಎದುರಿಗೆ ನಿಂತ ಆರೋಪಿಗೆ ಮಾತ್ರ ತನ್ನ ಲಾಯರ್ ಯಾರು ಅಂತ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಈ ಸರ್ಕಾರಿ ವಕೀಲ ಯಾರ ಕಡೆಯವನು? ಸಂಬಳ ಕೊಡುವ ಸರ್ಕಾರದ ಕಡೆಯವನೋ, ಸುಟ್ಟುಹೋದವನ ಕಡೆಯವನೋ, ಪುಸ್ತಕದಲ್ಲಿ ಬರೆದ ಕಾನೂನಿನ ಕಡೆಯವನೋ? ಈ ಮೂರೂ ಒಂದೇ ದಾರಿಯಲ್ಲಿ ನಡೆಯುವಾಗ ಪ್ರಶ್ನೆಯೇ ಏಳುವುದಿಲ್ಲ. ಮೂರೂ ಮೂರು ದಿಕ್ಕಿಗೆ ಎಳೆದಾಗ ಅವನು ಎಲ್ಲಿ ನಿಲ್ಲಬೇಕು ಅನ್ನುವುದು ನೀತಿಯ ಪ್ರಶ್ನೆ. ನಮ್ಮ ಚಳವಳಿ ಮೆರವಣಿಗೆಯ ಬಗ್ಗೆ, ಭೂಮಿಯ ಬಗ್ಗೆ, ಮೀಸಲಾತಿಯ ಬಗ್ಗೆ ಬಹಳ ಮಾತಾಡಿದೆ. ಈ ಕರಿ ಕೋಟಿನ ಮನುಷ್ಯನ ಬಗ್ಗೆ ಅಷ್ಟಾಗಿ ಮಾತಾಡಿಲ್ಲ. ಈಗ ಮಾತಾಡೋಣ.

ನಾವು ಇದನ್ನು ಬರೆಯುತ್ತಿರುವುದು ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿ ಕೂತು. ಊರಿನ ಹೆಸರಲ್ಲೇ ಕೆರೆ ಇದೆ. ಕೆರೆ ಮೊದಲು, ಹಳ್ಳಿ ಆಮೇಲೆ. ಒಂದು ಕಡೆ ಬನಶಂಕರಿಯ ಬಡಾವಣೆ, ಇನ್ನೊಂದು ಕಡೆ ರಿಂಗ್ ರೋಡು, ನಡುವೆ ಕೆರೆ ಅನ್ನುವಂತೆ ಇವತ್ತು ಊರು ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ. ಇಂಥ ಊರುಗಳಲ್ಲಿ 'ಸರ್ಕಾರಿ' ಅನ್ನುವ ಒಂದು ಮಾತಿಗೆ ಎರಡು ಅರ್ಥ ಬೆಳೆದಿದೆ. 'ಅದು ಸರ್ಕಾರಿ ಜಾಗ ಕಣಪ್ಪ' ಅಂದರೆ ಬಡವನಿಗೆ 'ಮುಟ್ಟಬೇಡ, ಗುಡಿಸಲು ಹಾಕಬೇಡ' ಅಂತ ಅರ್ಥ. ಅದೇ ಮಾತು ಬಲಾಢ್ಯನ ಕಿವಿಗೆ 'ಕೇಳೋರಿಲ್ಲ, ಬೇಲಿ ಹಾಕು' ಅಂತ ಕೇಳಿಸುತ್ತದೆ. ಎಲ್ಲರದ್ದು ಅನ್ನಬೇಕಾದ ಮಾತು ಒಬ್ಬನಿಗೆ ಬೆದರಿಕೆಯಾಯಿತು, ಇನ್ನೊಬ್ಬನಿಗೆ ಆಹ್ವಾನವಾಯಿತು.

ಸುಪ್ರೀಂ ಕೋರ್ಟು 1996ರಲ್ಲಿ ಕಮಲ್‌ನಾಥ್ ಪ್ರಕರಣದಲ್ಲಿ ನದಿ, ಕಾಡು, ನೀರಿನಂಥ ಸಂಪತ್ತಿಗೆ ಸರ್ಕಾರ ಧರ್ಮದರ್ಶಿ ಮಾತ್ರ, ಖಾಸಗಿ ಮಾಲೀಕನಂತೆ ಅದನ್ನು ಪರಭಾರೆ ಮಾಡುವಂತಿಲ್ಲ ಅನ್ನುವ ಅರ್ಥದಲ್ಲಿ ತೀರ್ಪು ಕೊಟ್ಟಿತು. ಇದನ್ನು ನಮ್ಮ ಹಳೇ ಮೈಸೂರು ಸೀಮೆಯ ಕೆರೆ ಏರಿಯ ಮೇಲೆ ನಿಂತು ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವನ ಕೆಲಸ. ಬಹಳ ಊರುಗಳಲ್ಲಿ ಈ ನೀರುಗಂಟಿ ದಲಿತನೇ. ಅವನಿಗೆ ಗೌಡನ ಕಣದಿಂದಲೂ ಕಾಳು ಬರುತ್ತಿತ್ತು, ಬಡ ರೈತನ ಕಣದಿಂದಲೂ ಬರುತ್ತಿತ್ತು. ಅವನು ಗೌಡನ ಆಳಾಗಿ ತೂಬು ಎತ್ತಿದರೆ ತೂಬಿನ ಹತ್ತಿರದ ಗದ್ದೆ ತುಂಬುತ್ತಿತ್ತು, ಕಾಲುವೆಯ ಕೊನೆಯ ಗದ್ದೆ ಒಣಗುತ್ತಿತ್ತು. ಕೆರೆಯ ಆಳಾಗಿ ಎತ್ತಿದರೆ ಕೊನೆಯ ಗದ್ದೆಗೂ ನೀರು ಮುಟ್ಟುತ್ತಿತ್ತು. ನೀರುಗಂಟಿಯ ಪ್ರಾಮಾಣಿಕತೆಯನ್ನು ತೂಬಿನ ಹತ್ತಿರ ನಿಂತು ಅಳೆಯಲು ಆಗುವುದಿಲ್ಲ. ಕೊನೆಯ ಗದ್ದೆಗೆ ಹೋಗಿ, ಮಣ್ಣು ಹಸಿಯಾಗಿದೆಯೇ ಅಂತ ಕೈಯಿಟ್ಟು ನೋಡಬೇಕು.

ಸರ್ಕಾರಿ ವಕೀಲ ನ್ಯಾಯದ ತೂಬು ಹಿಡಿದವನು. ಅವನನ್ನೂ ಹೀಗೆಯೇ ಅಳೆಯಬೇಕು ಅನ್ನುವುದು ನಮ್ಮ ವಾದ.

*

ಕಾನೂನು ಈ ಮನುಷ್ಯನ ಕೈಗೆ ಒಂದು ದೊಡ್ಡ ಅಧಿಕಾರ ಕೊಟ್ಟಿದೆ. ನಡೆಯುತ್ತಿರುವ ಕ್ರಿಮಿನಲ್ ಕೇಸನ್ನು ನ್ಯಾಯಾಲಯದ ಒಪ್ಪಿಗೆ ಪಡೆದು ಅವನು ವಾಪಸು ತೆಗೆದುಕೊಳ್ಳಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ 360ನೇ ಕಲಮಾಗಿ ಅದು ಉಳಿದಿದೆ. ಆ ಕಲಮು ವಾಪಸು ತೆಗೆಯುವ ಅಧಿಕಾರವನ್ನು ಮಂತ್ರಿಗೆ ಕೊಟ್ಟಿಲ್ಲ, ಕಾರ್ಯದರ್ಶಿಗೆ ಕೊಟ್ಟಿಲ್ಲ. ಕೇಸು ನಡೆಸುತ್ತಿರುವ ಸರ್ಕಾರಿ ವಕೀಲನಿಗೆ ಕೊಟ್ಟಿದೆ. ಸರ್ಕಾರ ಸಲಹೆ ಕೊಡಬಹುದು. ಸಹಿ ಹಾಕುವ ಮುಂಚೆ ಯೋಚಿಸಬೇಕಾದವನು ಇವನು.

ಇದು ಬರೀ ಪುಸ್ತಕದ ಮಾತಲ್ಲ. 2000ದ ಇಸವಿಯಲ್ಲಿ ನಮ್ಮ ನಾಡೇ ಇದನ್ನು ಕಂಡಿತು. ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಮೈಸೂರಿನಲ್ಲಿ ಟಾಡಾ ಕೇಸಿನಲ್ಲಿ ಬಂಧನದಲ್ಲಿದ್ದವರ ಬಿಡುಗಡೆಯೂ ಒಂದು. ಇಡೀ ಕರ್ನಾಟಕ ಉಸಿರು ಬಿಗಿಹಿಡಿದು ಕೂತಿತ್ತು. ಸರ್ಕಾರ ಆ ಟಾಡಾ ಆರೋಪಗಳನ್ನು ಕೈಬಿಡಲು ತೀರ್ಮಾನಿಸಿತು. ವಿಶೇಷ ಸರ್ಕಾರಿ ವಕೀಲರ ಮೂಲಕ ಅರ್ಜಿ ಹೋಯಿತು, ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿತು. ಆಗ ಒಬ್ಬ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರು ಅಬ್ದುಲ್ ಕರೀಮ್. ಅವರ ಮಗ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್, 1992ರಲ್ಲಿ ವೀರಪ್ಪನ್ ತಂಡದ ದಾಳಿಯಲ್ಲಿ ಸತ್ತಿದ್ದರು. ಕೋರ್ಟು 2000ದ ನವೆಂಬರ್ 7ರಂದು ಆ ಒಪ್ಪಿಗೆಯನ್ನು ರದ್ದು ಮಾಡಿತು. ಸರ್ಕಾರ ಹೇಳಿತು ಅಂತ ವಕೀಲ ಅರ್ಜಿ ಹಾಕಿದರೆ ಸಾಲದು, ಸಾಮಗ್ರಿಯನ್ನು ತಾನೇ ನೋಡಿ, ತಾನೇ ಯೋಚಿಸಿ, ಇದು ಸಾರ್ವಜನಿಕ ಹಿತಕ್ಕೆ ಅಂತ ತನಗೇ ಮನವರಿಕೆಯಾಗಿರಬೇಕು ಅನ್ನುವುದು ತೀರ್ಪಿನ ತಿರುಳು. ಅದಾದ ಎಂಟು ದಿನಕ್ಕೆ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾಗಿ ಬಂದರು.

ಗೆಳೆಯರೇ, ಇಲ್ಲಿ ಒಂದು ಕಷ್ಟದ ಮಾತಿದೆ, ಅದನ್ನು ಜಾರಿಸಿಬಿಡಬಾರದು. ಅವತ್ತು ಸರ್ಕಾರಕ್ಕಿದ್ದ ಭಯ ಸುಳ್ಳಲ್ಲ. ಗಲಭೆಯಾದರೆ ಸಾಯುವವರು ಕೊಳೆಗೇರಿಯ ತಮಿಳು ಕೂಲಿಗಳು ಅನ್ನುವುದನ್ನು ಬೆಂಗಳೂರಿನಲ್ಲಿ ಬದುಕುವ ನಾವು ಬಲ್ಲೆವು. 1991ರ ಡಿಸೆಂಬರಿನ ಕಾವೇರಿ ಗಲಭೆಯನ್ನು ಈ ನಗರ ಕಂಡಿತ್ತು. ಬಹುಜನರ ಮನಸ್ಸೂ ಆವತ್ತು 'ಹೇಗಾದರೂ ಸರಿ, ಅಣ್ಣಾವ್ರು ವಾಪಸು ಬರಲಿ' ಅಂತಲೇ ಇತ್ತು. ಅಂದರೆ ಸರ್ಕಾರ ಒಂದು ಕಡೆ, ಜನ ಇನ್ನೊಂದು ಕಡೆ ಅನ್ನುವ ಸುಲಭದ ಚಿತ್ರ ಇಲ್ಲಿ ನಿಲ್ಲುವುದಿಲ್ಲ. ಸರ್ಕಾರವೂ ಬಹುಮತವೂ ಒಂದೇ ಕಡೆ ಇದ್ದವು. ಇನ್ನೊಂದು ಕಡೆ ಮಗನನ್ನು ಕಳಕೊಂಡ ಒಬ್ಬ ಮುದುಕ ಇದ್ದರು. ಕೊನೆಯ ಗದ್ದೆ ಅಂದರೆ ಇದೇ. ನ್ಯಾಯ ಬಹುಮತದ ಲೆಕ್ಕವಾಗಿದ್ದರೆ ನಮ್ಮ ಹಟ್ಟಿಗಳಿಗೆ ಯಾವ ಊರಿನಲ್ಲೂ ನ್ಯಾಯ ಸಿಗುವಂತಿಲ್ಲ. ಊರ ಲೆಕ್ಕದಲ್ಲಿ ಹಟ್ಟಿಗೆ ಬಹುಮತ ಬರುವುದು ಅಪರೂಪ.

ಅದೇ 2000ದ ಇಸವಿಯ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ರಾಜ್ಯವೆಲ್ಲ ಪ್ರತಿಭಟನೆ ನಡೆಯಿತು, ಮಂತ್ರಿಗಳು ಬಂದರು, ಪರಿಹಾರದ ಘೋಷಣೆಗಳಾದವು. ಆಮೇಲೆ ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರು. ಕೇಸು ಉಳಿಯಿತು. ಸಾಕ್ಷಿಗಳು ಅದೇ ಊರಲ್ಲಿ, ಅದೇ ಜನರ ನಡುವೆ, ಅವರದೇ ಹೊಲದಲ್ಲಿ ಕೂಲಿ ಮಾಡಿಕೊಂಡು ವರ್ಷಗಟ್ಟಲೆ ಕಾಯಬೇಕಿತ್ತು. ವಿಚಾರಣೆಯ ಹೊತ್ತಿಗೆ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ, ಮನೆ ಸುಟ್ಟದ್ದು ನಿಜ. ಕಾನೂನಿನ ಕಣ್ಣಲ್ಲಿ ಸುಟ್ಟವರು ಮಾತ್ರ ಯಾರೂ ಇಲ್ಲ.

ಈ ಎರಡು ಕೇಸುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಕೇಸನ್ನು ವಾಪಸು ತೆಗೆಯಲು ಹೊರಟರು, ಕಾಗದದಲ್ಲಿ ಅರ್ಜಿ ಬಿತ್ತು, ಆ ಕಾಗದವನ್ನು ಹಿಡಿದು ಒಬ್ಬ ತಂದೆ ಪ್ರಶ್ನೆ ಕೇಳಲು ಸಾಧ್ಯವಾಯಿತು. ಇನ್ನೊಂದರಲ್ಲಿ ಯಾರೂ ಯಾವ ಕೇಸನ್ನೂ ವಾಪಸು ತೆಗೆಯಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಒಣಗಿತು. ಕಾಗದದಲ್ಲಿ ನಡೆಯುವ ಅನ್ಯಾಯಕ್ಕೆ ಮೇಲ್ಮನವಿ ಉಂಟು. ವರ್ಷಗಟ್ಟಲೆ ಸುಮ್ಮನಿರುವುದರಿಂದ ನಡೆಯುವ ಅನ್ಯಾಯಕ್ಕೆ ಮೇಲ್ಮನವಿ ಎಲ್ಲಿ ಹಾಕುವುದು?

*

ಈ ಪ್ರಶ್ನೆ ನಮ್ಮ ಒಬ್ಬರದೇ ಅಲ್ಲ. ಜಾತಿಗೂ ವರ್ಣಭೇದಕ್ಕೂ ಇರುವ ನಂಟನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡಿದ್ದರು. ಮಹಾತ್ಮ ಫುಲೆ 1873ರಲ್ಲಿ ಬರೆದ 'ಗುಲಾಮಗಿರಿ'ಯನ್ನು ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ಹೋರಾಡಿದ ಜನರಿಗೆ ಅರ್ಪಿಸಿದರು. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನು ಹಿಡಿದು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ಆದರೆ ಫುಲೆ ಆ ಅರ್ಪಣೆ ಬರೆಯುವ ಹೊತ್ತಿಗೆ ಅಮೆರಿಕದಲ್ಲಿ ಏನಾಗುತ್ತಿತ್ತು ಅನ್ನುವುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಅದು ಒಬ್ಬ ಸರ್ಕಾರಿ ವಕೀಲನ ಕತೆ.

ಏಮಸ್ ಏಕರ್ಮನ್ ಹುಟ್ಟಿದ್ದು 1821ರಲ್ಲಿ, ಉತ್ತರದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಓದು ಮುಗಿಸಿ ಹೊಟ್ಟೆಪಾಡಿಗೆ ಮೇಷ್ಟ್ರಾಗಿ ದಕ್ಷಿಣಕ್ಕೆ ಹೋದ. ಜಾರ್ಜಿಯಾದಲ್ಲಿ ಒಬ್ಬ ದೊಡ್ಡ ವಕೀಲನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ತಾನೂ ಕಾನೂನು ಓದಿದ, 1850ರಲ್ಲಿ ವಕೀಲನಾದ. ಊರಿನ ಗಾಳಿ ಮೈಗೆ ಹತ್ತಿತು. ಅವನೂ ಗುಲಾಮರನ್ನು ಇಟ್ಟುಕೊಂಡ. 1861ರಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ಗುಲಾಮಗಿರಿಯನ್ನು ಉಳಿಸಲು ಹೊರಟ ದಕ್ಷಿಣದ ಪಡೆಯಲ್ಲೇ ಸೇವೆ ಮಾಡಿದ. 1865ರಲ್ಲಿ ದಕ್ಷಿಣ ಸೋತಿತು, ಗುಲಾಮಗಿರಿ ರದ್ದಾಯಿತು. ಅವನ ಸುತ್ತಲಿನ ಬಿಳಿಯರು ಸೋಲನ್ನು ಒಪ್ಪದೆ ಹಲ್ಲು ಕಡಿಯುತ್ತಿದ್ದಾಗ ಏಕರ್ಮನ್ ಬೇರೆ ದಾರಿ ಹಿಡಿದ. ಗುಲಾಮಗಿರಿ ಹೋದ ಮೇಲೆ ಅದರ ಜತೆಗೆ ಬಂದ ಸಮಾನತೆಯನ್ನೂ ಪೂರ್ತಿ ಒಪ್ಪಬೇಕು ಅಂತ ತೀರ್ಮಾನಿಸಿ ರಿಪಬ್ಲಿಕನ್ ಪಕ್ಷ ಸೇರಿದ, ಜಾರ್ಜಿಯಾದ ಹೊಸ ಸಂವಿಧಾನ ಬರೆದ ಸಭೆಯಲ್ಲಿ ಕೂತ. 1869ರಲ್ಲಿ ಆ ಪ್ರಾಂತ್ಯದ ಫೆಡರಲ್ ಸರ್ಕಾರಿ ವಕೀಲನಾದ. 1870ರಲ್ಲಿ ಅಧ್ಯಕ್ಷ ಗ್ರಾಂಟ್ ಅವನನ್ನು ದೇಶದ ಅಟಾರ್ನಿ ಜನರಲ್ ಮಾಡಿದ. ಅಮೆರಿಕದ ನ್ಯಾಯ ಇಲಾಖೆ ಶುರುವಾದದ್ದೇ ಆ ವರ್ಷದ ಜುಲೈ 1ರಿಂದ. ಹೊಸ ಇಲಾಖೆಯನ್ನು ಕಟ್ಟುವ ಕೆಲಸ ಅವನ ಹೆಗಲಿಗೆ ಬಿತ್ತು.

ಆ ಕಾಲಕ್ಕೆ ದಕ್ಷಿಣದ ಹಳ್ಳಿಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಅನ್ನುವ ಗುಪ್ತ ಪಡೆ ರಾತ್ರಿ ಮುಖವಾಡ ಹಾಕಿಕೊಂಡು ತಿರುಗುತ್ತಿತ್ತು. ಓಟು ಹಾಕಿದ ಕರಿಯನಿಗೆ ಚಾಟಿ, ಶಾಲೆ ನಡೆಸಿದವರಿಗೆ ಬೆಂಕಿ, ತಲೆ ಎತ್ತಿ ನಡೆದವನಿಗೆ ನೇಣು. ನಮ್ಮ ಊರುಗಳಲ್ಲಿ ಚಪ್ಪಲಿ ಹಾಕಿಕೊಂಡದ್ದಕ್ಕೆ, ಮೀಸೆ ತಿರುವಿದ್ದಕ್ಕೆ, ಹೋಟೆಲಿನ ಲೋಟ ಮುಟ್ಟಿದ್ದಕ್ಕೆ ಬೀಳುವ ಏಟಿನ ದಾಯಾದಿ ಅದು. ಸ್ಥಳೀಯ ಪೊಲೀಸು, ಸ್ಥಳೀಯ ಪಂಚರು, ಸ್ಥಳೀಯ ವಕೀಲ ಎಲ್ಲರೂ ಅದೇ ಬಳಗ. ಹಾಗಾಗಿ ಅಲ್ಲಿನ ಸಂಸತ್ತು 1870ರಲ್ಲಿ, 1871ರಲ್ಲಿ ವಿಶೇಷ ಕಾಯಿದೆಗಳನ್ನು ಮಾಡಿತು. ನಮ್ಮ 1989ರ ದೌರ್ಜನ್ಯ ತಡೆ ಕಾಯಿದೆಗೆ ಇವು ನೂರು ವರ್ಷ ಹಿರಿಯವು ಅನ್ನಬಹುದು.

ಕಾಯಿದೆ ಮಾಡಿದವರು ಬಹಳ ಜನ. ಅದನ್ನು ಕೈಗೆತ್ತಿಕೊಂಡವನು ಏಕರ್ಮನ್. 1871ರಲ್ಲಿ ತಾನೇ ದಕ್ಷಿಣ ಕೆರೊಲಿನಾಕ್ಕೆ ಹೋದ. ಅಕ್ಟೋಬರಿನಲ್ಲಿ ಗ್ರಾಂಟ್ ಅಲ್ಲಿನ ಒಂಬತ್ತು ಕೌಂಟಿಗಳಲ್ಲಿ ವಿಶೇಷ ಆಜ್ಞೆ ಹೊರಡಿಸಿದ, ಸೈನ್ಯ ಇಳಿಯಿತು, ನೂರಾರು ಜನ ಬಂಧನವಾದರು, ನೂರಾರು ಜನ ಪರಾರಿಯಾದರು. ನವೆಂಬರಿನಲ್ಲಿ ಕೊಲಂಬಿಯಾ ಊರಿನಲ್ಲಿ ಶುರುವಾದ ವಿಚಾರಣೆಯಲ್ಲಿ ಪಂಚರಾಗಿ ಕೂತವರಲ್ಲಿ ಹೆಚ್ಚಿನವರು ಕರಿಯರು. ಹತ್ತು ವರ್ಷದ ಹಿಂದೆ ಸಂತೆಯಲ್ಲಿ ಮಾರಾಟವಾಗುತ್ತಿದ್ದ ಜನ ಅವತ್ತು ಮಾರುತ್ತಿದ್ದವರ ಅಪರಾಧವನ್ನು ತೂಗಿ ನೋಡಿದರು. ಇನ್ನೂ ಒಂದು ಮಾತನ್ನು ಗಮನಿಸಿ. ಕ್ಲಾನಿನ ಆರೋಪಿಗಳ ಪರವಾಗಿ ಬಂದು ನಿಂತ ಇಬ್ಬರು ದೊಡ್ಡ ವಕೀಲರು, ರೆವರ್ಡಿ ಜಾನ್ಸನ್ ಮತ್ತು ಹೆನ್ರಿ ಸ್ಟ್ಯಾನ್‌ಬೆರಿ, ಇಬ್ಬರೂ ಹಿಂದೆ ಅಮೆರಿಕದ ಅಟಾರ್ನಿ ಜನರಲ್ ಆಗಿದ್ದವರು. ಏಕರ್ಮನ್ ಕೂತಿದ್ದ ಅದೇ ಕುರ್ಚಿಯಲ್ಲಿ ಕೂತವರು. ಆರೋಪಿಗೂ ವಕೀಲ ಬೇಕು ಅನ್ನುವುದನ್ನು ನಾವು ಒಪ್ಪುತ್ತೇವೆ. ಆದರೆ ಒಂದೇ ಕುರ್ಚಿಯಿಂದ ಎದ್ದವರು ಎದುರುಬದುರು ನಿಂತದ್ದು ನೋಡಿದರೆ ಕುರ್ಚಿಗೆ ತನ್ನದೇ ಆದ ನೀತಿ ಇಲ್ಲ ಅನ್ನುವುದು ಗೊತ್ತಾಗುತ್ತದೆ.

ಏಕರ್ಮನ್ ಕತೆ ಅಲ್ಲಿಗೆ ಮುಗಿಯಿತು. 1871ರ ಡಿಸೆಂಬರಿನಲ್ಲಿ ಗ್ರಾಂಟ್ ಅವನ ರಾಜೀನಾಮೆ ಕೇಳಿದ. ರೈಲ್ವೆ ಕಂಪನಿಗಳ ಜಮೀನಿನ ವಿಚಾರದಲ್ಲಿ ಅವನು ಅವರ ಮಾತು ಕೇಳಿರಲಿಲ್ಲ. ಮಂತ್ರಿಮಂಡಲದಲ್ಲಿ ಕ್ಲಾನಿನ ಹಿಂಸೆಯ ಬಗ್ಗೆ ಅವನು ಮತ್ತೆ ಮತ್ತೆ ಹೇಳುವುದನ್ನು ಕೇಳಿ ಕೇಳಿ ಬೇಸತ್ತ ಸಹೋದ್ಯೋಗಿಗಳೂ ಇದ್ದರು. ಬೇರೆ ಹುದ್ದೆ ಕೊಡುವ ಮಾತು ಬಂತು, ಒಪ್ಪಲಿಲ್ಲ. 1872ರ ಜನವರಿಯಲ್ಲಿ ಜಾರ್ಜಿಯಾದ ಕಾರ್ಟರ್ಸ್‌ವಿಲ್ ಎಂಬ ತನ್ನ ಊರಿಗೆ, ತನ್ನನ್ನು ದ್ವೇಷಿಸುವ ಬಿಳಿಯರ ನಡುವಿಗೇ, ವಾಪಸು ಹೋಗಿ ವಕೀಲಿ ಮಾಡಿದ. 1880ರಲ್ಲಿ ಸತ್ತ. 1873ರ ಏಪ್ರಿಲಿನಲ್ಲಿ ಲೂಸಿಯಾನಾದ ಕೋಲ್ಫ್ಯಾಕ್ಸ್ ಊರಿನಲ್ಲಿ ಹತ್ತಾರು ಕರಿಯರ ಕಗ್ಗೊಲೆ ನಡೆಯಿತು. ಫುಲೆ ಪುಣೆಯಲ್ಲಿ ಆ ಅರ್ಪಣೆ ಬರೆದ ವರ್ಷವೇ ಅದು. ಕೊನೆಗೆ ಶಿಕ್ಷೆಯಾದದ್ದು ಮೂವರಿಗೆ. 1876ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಮೂವರ ಶಿಕ್ಷೆಯನ್ನೂ ತೆಗೆದುಹಾಕಿತು. ಕಾಯಿದೆ ಪುಸ್ತಕದಲ್ಲಿ ಉಳಿಯಿತು, ಕೈ ಮಾತ್ರ ಇಲ್ಲವಾಯಿತು.

*

ಈ ಬದುಕು ನಮ್ಮ ಮುಂದೆ ಎರಡು ಪ್ರಶ್ನೆ ಇಡುತ್ತದೆ.

ಮೊದಲನೆಯದು: ಗುಲಾಮರನ್ನು ಇಟ್ಟುಕೊಂಡಿದ್ದವನು ಗುಲಾಮರಾಗಿದ್ದವರ ವಕೀಲನಾಗಬಹುದೇ? ನಮ್ಮ ಭಾಷೆಯಲ್ಲಿ ಕೇಳುವುದಾದರೆ, ಹುಟ್ಟಿನಿಂದ ಮೇಲೆ ಕೂತವನು ನಮ್ಮ ಜತೆ ನಿಲ್ಲಬಲ್ಲನೇ? ಈ ಪ್ರಶ್ನೆಗೆ ಅನುಮಾನವೂ ಸಹಜ, ಸಿಟ್ಟೂ ಸಹಜ. ಆದರೆ ಉತ್ತರವನ್ನು ಹುಟ್ಟಿನಲ್ಲಿ ಹುಡುಕುವುದು ಮನುವಿನ ಪದ್ಧತಿ, ನಮ್ಮದಲ್ಲ. ಏಕರ್ಮನ್‌ಗೆ ಎದುರುಗಡೆಯವರ ಒಳಮನೆ ಗೊತ್ತಿತ್ತು. ಮುಖವಾಡದ ಹಿಂದೆ ಯಾರಿದ್ದಾರೆ ಅಂತ ತಿಳಿಯಲು ಅವನಿಗೆ ಬೇರೆ ಪತ್ತೇದಾರ ಬೇಕಿರಲಿಲ್ಲ. ಅವನು ತನ್ನ ಹಿಂದಿನದನ್ನು ಮಾತಿನಲ್ಲಿ ತೊಳೆಯಲಿಲ್ಲ, ಕೆಲಸದಲ್ಲಿ ಬೆಲೆ ತೆತ್ತ. ನಮ್ಮಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರನ್ನು ನೆನೆಯಿರಿ. 1859ರಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಮೇಷ್ಟ್ರಾಗಿ, ಆಮೇಲೆ ವಕೀಲರಾಗಿ, ಬಡವರ ಕೇಸುಗಳಿಂದ ಹೆಸರು ಪಡೆದವರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ನಡೆಸಿದರು. ಸ್ವಂತ ಜಾತಿಯವರ ಬಹಿಷ್ಕಾರ ಉಂಡರು. ಬೆಲೆ ತೆತ್ತವನು ಯಾರು, ಬರೀ ಭಾಷಣ ಮಾಡಿದವನು ಯಾರು ಅನ್ನುವುದು ಹಟ್ಟಿಯ ಜನಕ್ಕೆ ಬೇಗ ತಿಳಿಯುತ್ತದೆ.

ಎರಡನೆಯದು ಇನ್ನೂ ಗಟ್ಟಿ ಪ್ರಶ್ನೆ. ಒಬ್ಬ ಒಳ್ಳೆಯವನು ಕುರ್ಚಿಯಲ್ಲಿ ಇದ್ದರೆ ಸಾಕೇ? ಏಕರ್ಮನ್ ಇದ್ದದ್ದು ಒಂದೂವರೆ ವರ್ಷ. ಒಂದು ರಾಜೀನಾಮೆಯ ಕಾಗದದಿಂದ ಅಷ್ಟೂ ಕೆಲಸ ಕುಂಟಿತು. ಅವನು ಸದ್ದಿಲ್ಲದೆ ಹೊರಗೆ ಹೋದ. ಬಾಬಾಸಾಹೇಬರು ಹಾಗೆ ಹೋಗಲಿಲ್ಲ. ಹಿಂದೂ ಸಂಹಿತೆ ಮಸೂದೆಯನ್ನು ನೆಹರೂ ಸರ್ಕಾರ ಕೈಬಿಟ್ಟಾಗ 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಸದನದಲ್ಲಿ ಹೇಳಿಕೆ ಓದಲು ಅಡ್ಡಿಯಾದಾಗ ಹೊರಗೆ ಬಂದು ಅದನ್ನು ಪತ್ರಿಕೆಗಳಿಗೆ ಕೊಟ್ಟರು. ಕುರ್ಚಿ ಬಿಡುವುದೂ ಒಂದು ವಾದ ಮಂಡನೆ ಅಂತ ತೋರಿಸಿದರು. ಅವರ ಹಿಂದೆ ಮಹಾಡ್ ಕೆರೆಯ ಜನ ಇದ್ದರು. 1927ರಲ್ಲಿ ಕೆರೆಯ ನೀರು ಮುಟ್ಟಿ, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಆ ಹಕ್ಕನ್ನು ಗೆಲ್ಲುವ ತನಕ ಹತ್ತು ವರ್ಷ ಕಾದ ಜನ. ಕುರ್ಚಿ ಹೋದರೂ ಅವರು ಹೋಗಲಿಲ್ಲ.

ಅಮೆರಿಕದ ಕತೆಗೂ ಒಂದು ಬಾಲ ಇದೆ. 1964ರ ಜೂನ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಮೂವರು ಹಕ್ಕುಗಳ ಕಾರ್ಯಕರ್ತರನ್ನು ಕ್ಲಾನ್ ಕೊಂದಿತು. ಆ ಪ್ರಾಂತ್ಯ ಕೊಲೆ ಕೇಸು ಹಾಕಲಿಲ್ಲ. ಫೆಡರಲ್ ಸರ್ಕಾರಿ ವಕೀಲರು 1870ರ ಕಾಯಿದೆಯಿಂದ ಉಳಿದುಬಂದ ಕಲಮನ್ನೇ ಹಿಡಿದರು. 1967ರಲ್ಲಿ ಏಳು ಜನಕ್ಕೆ ಶಿಕ್ಷೆಯಾಯಿತು. ಸುಮಾರು ಒಂದು ಶತಮಾನ ಮಲಗಿದ್ದ ಕಾಯಿದೆ ಎದ್ದದ್ದು ಹೇಗೆ? ಒಳಗಿನ ವಕೀಲನ ಮನಸ್ಸು ಒಂದು ಕಾರಣ. ಹೊರಗೆ ಬೀದಿಯಲ್ಲಿ, ಬಸ್ಸಿನಲ್ಲಿ, ಚರ್ಚಿನಲ್ಲಿ, ಶಾಲೆಯ ಬಾಗಿಲಲ್ಲಿ ನಿಂತಿದ್ದ ಲಕ್ಷಾಂತರ ಜನ ದೊಡ್ಡ ಕಾರಣ. ತೂಬು ಎತ್ತುವುದು ಒಂದು ಕೈ. ಆದರೆ ಏರಿಯ ಮೇಲೆ ಜನ ನಿಂತು ನೋಡುತ್ತಿದ್ದರೆ ಮಾತ್ರ ಆ ಕೈ ನೆಟ್ಟಗೆ ಏಳುತ್ತದೆ.

*

ಇಲ್ಲಿ ನಮ್ಮದೇ ಉದಾಹರಣೆ ಇದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ಹಲ್ಲೆಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಂಘಟನೆಗಳು ಬಿಡದೆ ಹಿಂದೆ ಬಿದ್ದವು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟು ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಹಾಗಾಗಿ ಗೆದ್ದೆವು ಅಂತ ಡೊಳ್ಳು ಬಾರಿಸುವ ಹಾಗಿಲ್ಲ. ಪಕ್ಕದ ಆಂಧ್ರದ ಚುಂಡೂರಿನಲ್ಲಿ 1991ರಲ್ಲಿ ಎಂಟು ದಲಿತರ ಕೊಲೆಯಾದಾಗ ಜನ ಹೋರಾಡಿ ವಿಶೇಷ ನ್ಯಾಯಾಲಯವನ್ನು ತಮ್ಮ ಊರಿಗೇ ತರಿಸಿಕೊಂಡರು. 2007ರಲ್ಲಿ 21 ಜನಕ್ಕೆ ಜೀವಾವಧಿ ಆಯಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ಹೋರಾಡಿದರೆ ಗೆಲುವು ಖಚಿತ ಅಂತ ನಾವು ಸುಳ್ಳು ಹೇಳುವುದಿಲ್ಲ. ಹೋರಾಡದಿದ್ದರೆ ಏನಾಗುತ್ತದೆ ಅನ್ನುವುದು ಮಾತ್ರ ಖಚಿತ.

ಹಾಗಾದರೆ ನಾವು ಮಾಡಬೇಕಾದ್ದೇನು? 1989ರ ಕಾಯಿದೆಯ 15ನೇ ಕಲಮು ವಿಶೇಷ ನ್ಯಾಯಾಲಯಕ್ಕೆ ವಿಶೇಷ ಸರ್ಕಾರಿ ವಕೀಲ ಇರಬೇಕು ಅನ್ನುತ್ತದೆ. 1995ರ ನಿಯಮಗಳಲ್ಲಿ 4ನೇ ನಿಯಮ ಇದೆ. ದೌರ್ಜನ್ಯಕ್ಕೆ ಒಳಗಾದವರು ಬಯಸಿದರೆ, ಅಗತ್ಯ ಕಂಡರೆ, ಜಿಲ್ಲಾ ಮ್ಯಾಜಿಸ್ಟ್ರೇಟರು ಹೆಸರುವಾಸಿ ಹಿರಿಯ ವಕೀಲರನ್ನು ನೇಮಿಸಬಹುದು. 'ನಮ್ಮ ಲಾಯರ್ ಯಾರು?' ಅನ್ನುವ ಪ್ರಶ್ನೆಗೆ 'ನೀವೇ ಕೇಳಿ' ಅಂತ ಕಾನೂನು ಅಷ್ಟರಮಟ್ಟಿಗೆ ಉತ್ತರ ಕೊಟ್ಟಿದೆ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ 15ಎ ಕಲಮಿನ ಪ್ರಕಾರ ಕೇಸಿನ ಪ್ರತಿ ಹಂತ ಸಂತ್ರಸ್ತರಿಗೆ ತಿಳಿಸಬೇಕು, ಜಾಮೀನಿನ ಹೊತ್ತಿನಲ್ಲಿ ಅವರ ಮಾತು ಕೇಳಬೇಕು, ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕು. ಜಿಲ್ಲಾ ಮಟ್ಟದ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಎಷ್ಟು ಹಟ್ಟಿಗಳಲ್ಲಿ ಇದು ಗೊತ್ತಿದೆ? ಊರಿನ ಶಾಲೆಯ ಮೇಷ್ಟ್ರೇ, ಇದನ್ನು ಒಂದು ಸಂಜೆ ಹಟ್ಟಿಯ ಜಗಲಿಯ ಮೇಲೆ ಓದಿ ಹೇಳಲು ಎಷ್ಟು ಹೊತ್ತು ಬೇಕು?

ಘಟನೆ ನಡೆದ ವಾರ ಸಾವಿರ ಜನ ಬರುತ್ತಾರೆ. ವಿಚಾರಣೆ ನಡೆಯುವ ವರ್ಷಗಳಲ್ಲಿ ಕೋರ್ಟಿನ ಹಿಂದಿನ ಬೆಂಚು ಖಾಲಿ. ಕಂಬಾಲಪಲ್ಲಿಯಂಥ ಕೇಸಿನ ಸಾಕ್ಷಿ ಆ ಖಾಲಿ ಬೆಂಚನ್ನು ನೋಡುತ್ತಾನೆ. ಎದುರುಗಡೆ ಊರ ಯಜಮಾನರ ತುಂಬಿದ ಬೆಂಚನ್ನೂ ನೋಡುತ್ತಾನೆ. ಅವನು ತಿರುಗಿಬಿದ್ದ ಅಂತ ಬೈಯುವುದು ಸುಲಭ. ಅವನು ತಿರುಗಿ ನೋಡಿದಾಗ ನಮ್ಮಲ್ಲಿ ಯಾರಿದ್ದರು ಅನ್ನುವುದು ಕೇಳಿಕೊಳ್ಳಬೇಕಾದ ಮಾತು. ಸರ್ಕಾರಿ ವಕೀಲನೂ ಅದೇ ಬೆಂಚನ್ನು ನೋಡುತ್ತಾನೆ. ಒಳ್ಳೆಯವನಾಗಿದ್ದರೆ ಧೈರ್ಯ ಬರುತ್ತದೆ, ಅಳುಕಿನವನಾಗಿದ್ದರೆ ಎಚ್ಚರ ಬರುತ್ತದೆ.

ಅದಕ್ಕೆ ನಮ್ಮ ಉತ್ತರ ಇಷ್ಟು. ಸರ್ಕಾರಿ ವಕೀಲ ಸರ್ಕಾರ ನಡೆಸುವವರ ಆಳಲ್ಲ, ಬಹುಮತದ ಆಳೂ ಅಲ್ಲ. ಅವನು ಕೊನೆಯ ಗದ್ದೆಯವನಿಗೆ ಋಣಿ. ಆ ಋಣವನ್ನು ಅವನ ಒಳ್ಳೆಯತನಕ್ಕೆ ಬಿಟ್ಟು ಕೂತರೆ ಏಕರ್ಮನ್‌ನಂಥವನು ಸಿಕ್ಕರೂ ಒಂದೂವರೆ ವರ್ಷಕ್ಕೆ ಹೋಗುತ್ತಾನೆ. ಮುಂದಿನ ವಿಚಾರಣೆಯ ತಾರೀಕು ಯಾವತ್ತು, ಯಾವ ಕೋರ್ಟು, ಎಷ್ಟನೇ ನಂಬರು ಅಂತ ಪ್ರತಿ ತಾಲ್ಲೂಕಿನ ಗೆಳೆಯರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪ್ರತಿ ತಾರೀಕಿಗೆ ಇಬ್ಬರಾದರೂ ಹೋಗಲಿ. ಬಸ್ ಚಾರ್ಜು, ಒಂದು ಹೊತ್ತಿನ ಊಟ, ಒಂದು ದಿನದ ರಜ. ಆ ಬೆಂಚಿನ ಬೆಲೆ ಇವತ್ತಿಗೆ ಇಷ್ಟೇ.